ಬೆಂಗಳೂರಿನ ಎಣಿಕೆಯ ರಸ್ತೆಗಳು: ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳನ್ನು ಕುರಿತು ಒಂದು ವಿವೇಚನೆ

ನಗರವೊಂದರ ಚರಿತ್ರೆಗೆ ಆಕರಗಳಾವುವೆಂದು ಕೇಳಿದರೆ ನಾವು ಸಾಮಾನ್ಯವಾಗಿ ಶಾಸನಗಳನ್ನೂ ಸರ್ಕಾರದ ಕಡತಗಳನ್ನೂ ಪ್ರವಾಸಿಗಳ ಬರಹಗಳನ್ನೂ ಹೆಸರಿಸುತ್ತೇವೆ. ಬೀದಿಯ ಮೂಲೆಯಲ್ಲಿ ನಿಲ್ಲಿಸಿರುವ ಫಲಕವನ್ನು ಆಕರವೆಂದು ಭಾವಿಸುವವರು ವಿರಳ. ಫಲಕದ ಮೇಲೆ ಮಹನೀಯರೊಬ್ಬರ ಹೆಸರಿದ್ದರೆ ಅದರ ಹಿನ್ನೆಲೆಯನ್ನು ವಿಚಾರಿಸುವವರು ಕೆಲವರಾದರೂ ಉಂಟು. ‘3ನೆಯ ಮುಖ್ಯರಸ್ತೆ’, ‘8ನೆಯ ಅಡ್ಡರಸ್ತೆ’ ಎಂದು ಬರೆದಿದ್ದರೆ ಅಲ್ಲಿ ವಿಚಾರಿಸತಕ್ಕದ್ದೇನೂ ಇಲ್ಲವೆಂದು ಎಲ್ಲರೂ ಮುಂದೆ ಸಾಗುತ್ತಾರೆ. ಸಂಖ್ಯೆಗೆ ಚರಿತ್ರೆಯಿಲ್ಲವೆಂಬ ಈ ಎಣಿಕೆಯೇ ತಪ್ಪೆಂಬುದು ನಮ್ಮ ಅಭಿಪ್ರಾಯ. ರಸ್ತೆಗಳನ್ನು ಎಣಿಸಿದರೆಂದಮೇಲೆ ಎಣಿಸಿದವರು ಯಾರೋ ಇರಬೇಕು. ಆ ಎಣಿಕೆ ಒಂದು ಕಡೆಯಿಂದ ಮೊದಲಾಗಿರಬೇಕು. ಅದರೊಳಗೆ ಸೇರಿದುದೂ ಅದರಿಂದ ಹೊರಗುಳಿದುದೂ ಇರಬೇಕು. ಬೆಂಗಳೂರಿನ ಹಳೆಯ ಬಡಾವಣೆಗಳಾದ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಈ ಸಂಗತಿಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಬಡಾವಣೆಗಳು ಹುಟ್ಟುವುದಕ್ಕೆ ಮುಂಚೆ ಬೆಂಗಳೂರೆಂದರೆ ಪೇಟೆ. 1537ರಲ್ಲಿ ಕೆಂಪೇಗೌಡರು ಇದನ್ನು ಕಟ್ಟಿಸಿದಾಗ ನಾಲ್ಕು ನೇಗಿಲುಗಳಿಗೆ ಎತ್ತುಗಳನ್ನು ಹೂಡಿಸಿ ನಾಲ್ಕು ದಿಕ್ಕಿಗೂ ಅಟ್ಟಿದರೆಂದೂ ಅವು ಉತ್ತ ಸಾಲುಗಳೇ ಮುಖ್ಯ ಬೀದಿಗಳಾದುವೆಂದೂ ಐತಿಹ್ಯವುಂಟು. ಐತಿಹ್ಯ ಹೇಗೇ ಇರಲಿ, ಯಲಹಂಕ ಬಾಗಿಲಿನಿಂದ ತೆಂಕಲಾಗಿ ಕೋಟೆಯ ಕಡೆಗೆ ಹರಿದ ದೊಡ್ಡಪೇಟೆ, ಹಲಸೂರು ಬಾಗಿಲಿನಿಂದ ಪಡುವಲಾಗಿ ಸೊಂಡೆಕೊಪ್ಪದ ಬಾಗಿಲಿಗೆ ಹೋದ ಚಿಕ್ಕಪೇಟೆ, ಇವೆರಡೂ ಕೂಡಿದ ಚೌಕವೇ ಊರಿನ ನಡುವಾಗಿದ್ದಿತು. ಉಳಿದ ಬೀದಿಗಳ ಹೆಸರುಗಳನ್ನು ಒಮ್ಮೆ ಓದಿದರೆ ಸಾಕು, ಊರಿನ ಕಸುಬುಗಳ ಪಟ್ಟಿಯೇ ದೊರೆಯುತ್ತದೆ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ. ಅಲ್ಲಿ ಬೀದಿಯ ಹೆಸರನ್ನು ಕೇಳಿದೊಡನೆ ಆ ಬೀದಿಯಲ್ಲಿ ಏನು ಸಿಕ್ಕುತ್ತದೆ, ಯಾರು ವಾಸಿಸುತ್ತಾರೆ ಎಂಬುದು ತಿಳಿಯುತ್ತಿದ್ದಿತು. ಮನೆಯ ವಿಳಾಸವೂ ಜಾತಿಯ ಸುಳಿವೂ ಒಂದೇ ಮಾತಿನಲ್ಲಿ ಅಡಕವಾಗಿದ್ದುವು.

1809ರಲ್ಲಿ ಪೇಟೆಯ ಈಶಾನ್ಯಕ್ಕೆ ದಂಡುಪ್ರದೇಶ ಸ್ಥಾಪಿತವಾದಾಗ ಇನ್ನೊಂದು ಬಗೆಯ ನಾಮಕರಣ ಬಂದಿತು. ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ಕ್ಯಾವಲ್ರಿ ರಸ್ತೆ, ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ ಎಂಬ ಹೆಸರುಗಳು ಸೈನ್ಯದ ಹಾಜರಿ ಪಟ್ಟಿಯಂತೆಯೇ ಇವೆ. ಹೀಗೆ ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಬೆಂಗಳೂರಿಗೆ ಎರಡು ಮಾದರಿಗಳು ಎದುರಿಗಿದ್ದುವು: ಒಂದು ಕಸುಬಿನದು, ಇನ್ನೊಂದು ಕವಾಯತಿನದು. 1890ರ ದಶಕದಲ್ಲಿ ಮೈಸೂರು ಸಂಸ್ಥಾನದ ಅಧಿಕಾರಿಗಳು ಹೊಸ ಬಡಾವಣೆಗಳನ್ನು ರಚಿಸಲು ತೊಡಗಿದಾಗ ಇವೆರಡನ್ನೂ ಬಿಟ್ಟು ಮೂರನೆಯ ಹಾದಿಯನ್ನು ಹಿಡಿದರು. ಅದೇ ಎಣಿಕೆಯ ಹಾದಿ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1892ರಲ್ಲಿ, ಕೋಟೆಯ ನೈಋತ್ಯಕ್ಕೆ ಚಾಮರಾಜಪೇಟೆ ಹುಟ್ಟಿತು. ಆಗ ಪಟ್ಟದಲ್ಲಿದ್ದ ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರನ್ನು ಅದಕ್ಕಿಟ್ಟರು. ಹೆಸರಿನಲ್ಲಿ ‘ಪೇಟೆ’ ಎಂಬ ಹಳೆಯ ಮಾತು ಉಳಿಯಿತಾದರೂ ವಿನ್ಯಾಸ ಪೇಟೆಯದಲ್ಲ. ನೇರವಾದ ಮುಖ್ಯರಸ್ತೆಗಳು, ಅವನ್ನು ಲಂಬವಾಗಿ ಛೇದಿಸುವ ಅಡ್ಡರಸ್ತೆಗಳು, ಎರಡಕ್ಕೂ ಒಂದು, ಎರಡು, ಮೂರು ಎಂಬ ಕ್ರಮಸಂಖ್ಯೆ. ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬೇಕು. ಗೌರವಸೂಚಕವಾದ ಹೆಸರೆಲ್ಲ ಬಡಾವಣೆಯ ಪಾಲಿಗೆ ಸಂದಿತು. ಬಡಾವಣೆಯೊಳಗಿನ ರಸ್ತೆಗಳಿಗೆ ಅಂಕಿಗಳು ಮಾತ್ರ ಮಿಕ್ಕವು. ಶೇಷಾದ್ರಿಪುರ, ವಿಶ್ವೇಶ್ವರಪುರ, ನರಸಿಂಹರಾಜ ಕಾಲೊನಿ ಮುಂತಾದ ಹೆಸರುಗಳಲ್ಲಿಯೂ ಇದೇ ಕ್ರಮ ಕಾಣುತ್ತದೆ. ದೊರೆ, ದಿವಾನ, ಯುವರಾಜ ಇವರು ಬಡಾವಣೆಯ ಹೆಬ್ಬಾಗಿಲಲ್ಲಿ ನಿಂತರು; ಒಳಗೆ ಹೋದವರಿಗೆ ದಾರಿ ತೋರಿಸುವ ಕೆಲಸ ಅಂಕಿಗಳದಾಯಿತು.

ಮಲ್ಲೇಶ್ವರ, ಬಸವನಗುಡಿಗಳ ಯೋಜನೆಯೂ ಇದೇ ದಶಕದ್ದು. ಆದರೆ ಅವಕ್ಕೆ ಜನ ಬಂದು ತುಂಬಿದುದಕ್ಕೆ ಬೇರೊಂದು ಕಾರಣವುಂಟು. 1898ರ ಆಗಸ್ಟಿನಲ್ಲಿ ರೈಲಿನ ಮಾರ್ಗವಾಗಿ ಪ್ಲೇಗು ಬೆಂಗಳೂರನ್ನು ಪ್ರವೇಶಿಸಿತು. ವಿ. ಪಿ. ಮಾಧವರಾಯರು ಸಂಸ್ಥಾನದ ಪ್ಲೇಗ್ ಕಮಿಷನರಾಗಿ ನೇಮಕಗೊಂಡರು. ಪೇಟೆಯ ಇಕ್ಕಟ್ಟಾದ ಮನೆಗಳನ್ನು ತೆರವು ಮಾಡಿಸುವುದು, ರೋಗಿಗಳನ್ನು ಬೇರ್ಪಡಿಸುವುದು, ಜನರನ್ನು ಊರ ಹೊರಗಿನ ಗುಡಿಸಲುಗಳಿಗೆ ಕಳುಹಿಸುವುದು, ಇವೆಲ್ಲ ನಡೆದುವು. ಸೊಂಕಿಗೆ ಕತ್ತಲೆಯೂ ಕೊಳಕೂ ಗಾಳಿಯಾಡದ ಓಣಿಯೂ ಕಾರಣವೆಂಬುದು ಅಂದಿನ ಆಡಳಿತಗಾರರ ದೃಢವಾದ ನಂಬಿಕೆ. ಪ್ಲೇಗಿನ ಜೀವಾಣುವನ್ನು ಯೆರ್ಸಿನ್ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದನು. ಅದನ್ನು ಹರಡುವುದು ಇಲಿಯ ಮೈಮೇಲಣ ಚಿಗಟವೆಂದು ಸಿಮೋನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಕೊಂಡುದು ಬೆಂಗಳೂರಿಗೆ ಪ್ಲೇಗು ಬಂದ ವರ್ಷದಲ್ಲಿಯೇ. ಆ ಮಾತನ್ನು ವೈದ್ಯಲೋಕ ಒಪ್ಪಲು ಇನ್ನೂ ಕೆಲವು ವರ್ಷಗಳು ಹಿಡಿದುವು. ಆದಕಾರಣ ನಮ್ಮ ಬಡಾವಣೆಗಳ ಅಗಲವಾದ ರಸ್ತೆಗಳು ಚಿಗಟಕ್ಕೆ ಹೆದರಿ ಹುಟ್ಟಿದವಲ್ಲ, ಕೆಟ್ಟ ಗಾಳಿಗೆ ಹೆದರಿ ಹುಟ್ಟಿದವು. ಕಾರಣವನ್ನು ತಪ್ಪಾಗಿ ತಿಳಿದು ಮಾಡಿದ ಕೆಲಸವೂ ಒಮ್ಮೊಮ್ಮೆ ಸತ್ಫಲವನ್ನು ಕೊಡುವುದುಂಟು. ಮಲ್ಲೇಶ್ವರದ ಮರಗಳ ನೆರಳಿನಲ್ಲಿ ನಡೆಯುವವರು ಈ ವಿಷಯದಲ್ಲಿ ದೂರು ಹೇಳಲಾರರು.

ಇನ್ನು ಮಲ್ಲೇಶ್ವರದ ಎಣಿಕೆಯನ್ನೇ ಪರಿಶೀಲಿಸೋಣ. ತೆಂಕಣ ಅಂಚಿನಿಂದ ಬಡಗಣ ಅಂಚಿಗೆ ಉದ್ದವಾಗಿ ಸಾಗುವ ಎರಡು ಹಿರಿಯ ರಸ್ತೆಗಳಿಗೆ ಮರಗಳ ಹೆಸರುಗಳಿವೆ: ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆ. ಮಾರ್ಗೋಸಾ ಎಂಬುದು ಬೇವಿನ ಮರಕ್ಕೆ ಇಂಗ್ಲಿಷರು ಬಳಸುತ್ತಿದ್ದ ಹೆಸರು. ಕಹಿ ಎಂಬ ಅರ್ಥದ ಪೋರ್ಚುಗೀಸ್ ಮಾತಿನಿಂದ ಬಂದುದು. ಬೇವಿನ ರಸ್ತೆ ಎಂದಿದ್ದರೆ ಎಲ್ಲರಿಗೂ ತಿಳಿಯುತ್ತಿದ್ದುದು ಹೀಗೆ ಮರೆಯಾಯಿತು. ಈ ರಸ್ತೆಗಳನ್ನು ಕತ್ತರಿಸುವ ಅಡ್ಡರಸ್ತೆಗಳಿಗೆ ಮರವೂ ಇಲ್ಲ, ಮನುಷ್ಯನೂ ಇಲ್ಲ. ಒಂದರಿಂದ ಹದಿನೆಂಟರಾಚೆಯವರೆಗೆ ಸಂಖ್ಯೆಗಳೇ. ಮೊದಲನೆಯ ಅಡ್ಡರಸ್ತೆ ತೆಂಕಣ ತುದಿಯಲ್ಲಿದೆ. ಪೇಟೆಗೂ ರೈಲು ನಿಲ್ದಾಣಕ್ಕೂ ಹತ್ತಿರವಾದ ತುದಿ ಅದೇ. ಅಲ್ಲಿಂದ ಅಂಕಿಗಳು ಒಂದೊಂದಾಗಿ ಏರುತ್ತ, ಮುಂದೆ ಭಾರತೀಯ ವಿಜ್ಞಾನ ಮಂದಿರ ಸ್ಥಾಪಿತವಾದ ಬಡಗಣ ಬಯಲಿನತ್ತ ಸಾಗುತ್ತವೆ. ಎಣಿಸಿದವನು ಹಳೆಯ ಊರಿಗೆ ಬೆನ್ನುಹಾಕಿ, ಬಯಲಿಗೆ ಮುಖಮಾಡಿ ನಿಂತಿದ್ದನೆಂಬುದು ಇದರಿಂದ ವಿದಿತವಾಗುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಊರು ದೂರ. ಬರಹದಲ್ಲಿ ಯಾವ ಅಧಿಕಾರಿಯೂ ಹೇಳದೆ ಬಿಟ್ಟರೂ ಅಂದಿನ ಬೆಂಗಳೂರಿನ ಮಧ್ಯ ಎಲ್ಲಿತ್ತೆಂಬುದನ್ನು ಅಡ್ಡರಸ್ತೆಗಳ ಕ್ರಮ ಹೇಳುತ್ತದೆ.

ಇದು ನಮ್ಮಲ್ಲಿ ಮಾತ್ರ ನಡೆದುದಲ್ಲ. ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್ ದ್ವೀಪಕ್ಕೆ 1811ರಲ್ಲಿ ಕಮಿಷನರುಗಳು ಹಾಕಿಕೊಟ್ಟ ನಕ್ಷೆಯಲ್ಲಿ ಉದ್ದಕ್ಕೆ 12 ಅವೆನ್ಯೂಗಳೂ ಅಡ್ಡಕ್ಕೆ 155 ಬೀದಿಗಳೂ ಇದ್ದುವು. ಆ ಬೀದಿಗಳ ಎಣಿಕೆಯೂ ದ್ವೀಪದ ತೆಂಕಣ ತುದಿಯಲ್ಲಿದ್ದ ಹಳೆಯ ಊರಿನ ಕಡೆಯಿಂದ ಮೊದಲಾಗಿ ಬಡಗಣ ಬಯಲಿನತ್ತ ಏರುತ್ತದೆ. ಹಳೆಯ ಊರಿನೊಳಗಿನ ಬೀದಿಗಳು ಮಾತ್ರ ತಮ್ಮ ಹೆಸರುಗಳನ್ನು ಬಿಟ್ಟುಕೊಡಲಿಲ್ಲ. ನಮ್ಮ ಪೇಟೆಯೂ ಹಾಗೆಯೇ. ಎಣಿಕೆ ಹೊಸ ನೆಲದ ಮೇಲೆ ಮಾತ್ರ ಸುಲಭವಾಗಿ ನಡೆಯುತ್ತದೆ. ಹಳೆಯ ವಾಸಸ್ಥಾನಕ್ಕೆ ತಾಗಿದೊಡನೆ ಅದು ತಡೆದು ನಿಲ್ಲುತ್ತದೆ. ಮಲ್ಲೇಶ್ವರದೊಳಗೇ ಇದಕ್ಕೆ ನಿದರ್ಶನವುಂಟು. ಬಡಾವಣೆಗೆ ಹೆಸರನ್ನು ಕೊಟ್ಟ ಕಾಡು ಮಲ್ಲೇಶ್ವರ ದೇವಾಲಯ ಹದಿನೇಳನೆಯ ಶತಮಾನದಲ್ಲಿ, ಶಿವಾಜಿಯ ಮಲಸಹೋದರ ವೆಂಕೋಜಿಯ ಕಾಲದಲ್ಲಿ ದತ್ತಿಯನ್ನು ಪಡೆದ ಸ್ಥಾನ. ಅದರ ಸುತ್ತ ಅಳತೆಗಾರನ ಗೆರೆ ಬಗ್ಗಬೇಕಾಯಿತು. ಅಲ್ಲಿ ‘ದೇವಸ್ಥಾನದ ಬೀದಿ’ ಎಂಬ ಹೆಸರು ಉಳಿಯಿತು. ಆದರೂ ಎಣಿಸುವ ಅಭ್ಯಾಸ ಬಿಡಲಿಲ್ಲ. ದೇವಸ್ಥಾನದ ಬೀದಿಗಳಿಗೂ ಒಂದನೆಯದು, ಎರಡನೆಯದು ಎಂಬ ಸಂಖ್ಯೆಗಳು ಬಿದ್ದುವು.

ಬಸವನಗುಡಿಯ ಕಥೆ ಇದಕ್ಕಿಂತ ಭಿನ್ನವಾದುದು. ಕೆಂಪೇಗೌಡರ ಕಾಲದ ದೊಡ್ಡ ಬಸವಣ್ಣನ ಗುಡಿ, ಕಹಳೆ ಬಂಡೆ, ಸುಂಕೇನಹಳ್ಳಿ ಎಂಬ ಹಳ್ಳಿ, ಅದರ ಹೊಲದ ಕಡಲೆಕಾಯಿಗಾಗಿ ನೆರೆಯುತ್ತಿದ್ದ ಪರಿಷೆ, ಇಷ್ಟೂ ಅಲ್ಲಿ ಬಡಾವಣೆಗಿಂತ ಮುಂಚಿನವು. ಅಲ್ಲಿಯೂ ರಸ್ತೆಗಳು ನೇರವಾಗಿಯೇ ಇವೆ, ಚೌಕಗಳು ಅಳೆದಿಟ್ಟಂತೆಯೇ ಇವೆ. ಆದರೆ ಹಳೆಯ ಬಸವನಗುಡಿಯಲ್ಲಿ ಸಂಖ್ಯೆಗಿಂತ ಹೆಸರಿಗೆ ಪ್ರಾಶಸ್ತ್ಯ. ಬುಲ್ ಟೆಂಪಲ್ ರಸ್ತೆ, ಶಂಕರಮಠದ ರಸ್ತೆ, ಪಟಾಲಮ್ಮನ ಗುಡಿಯ ಬೀದಿ, ಗಾಂಧಿ ಬಜಾರು, ಡಿ.ವಿ.ಜಿ. ರಸ್ತೆ. ಇವುಗಳ ನಡುವೆ ಚರಿತ್ರೆಯ ವಿದ್ಯಾರ್ಥಿಗೆ ಅತ್ಯಂತ ಪ್ರಿಯವಾಗಬೇಕಾದ ಹೆಸರುಗಳು ಬೇರೆ ಮೂರಿವೆ. ಸರ್ವೇಯರ್ಸ್ ಬೀದಿ ಎಂಬುದು ನೆಲವನ್ನಳೆದವರ ನೆನಪು. ಮಾಡೆಲ್ ಹೌಸ್ ಬೀದಿ ಎಂಬುದು ಮಾದರಿ ಮನೆಗಳನ್ನು ಕಟ್ಟಿಸಬೇಕೆಂಬ ಹಂಬಲದ ನೆನಪು. ನೆರೆಯ ವಿಶ್ವೇಶ್ವರಪುರದ ಡಯಾಗನಲ್ ರಸ್ತೆ ಎಂಬುದಂತೂ ನಕ್ಷೆಯ ಕಾಗದದ ಮೇಲಿನಿಂದ ನೇರವಾಗಿ ನೆಲಕ್ಕಿಳಿದ ರೇಖಾಗಣಿತದ ಪದ. ಚೌಕಗಳ ನಡುವೆ ಕರ್ಣರೇಖೆಯಾಗಿ ಎಳೆದ ಗೆರೆಗೆ ಬೇರೆ ಹೆಸರನ್ನು ಹುಡುಕುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಎಣಿಸಿದವರು ಯಾರೆಂದು ಮೇಲೆ ಕೇಳಿದೆವಷ್ಟೆ. ಅವರ ವೃತ್ತಿಯ ಗುರುತು ಈ ಹೆಸರುಗಳಲ್ಲಿ ಉಳಿದಿದೆ.

ಹೆಸರು ಜಾತಿಯನ್ನು ಹೇಳುತ್ತಿದ್ದಿತು, ಸಂಖ್ಯೆ ಹೇಳುವುದಿಲ್ಲ. ಆದ್ದರಿಂದ ಎಣಿಕೆಯ ರಸ್ತೆಗಳು ಸಮಾನತೆಯ ಕಡೆಗೆ ಇಟ್ಟ ಹೆಜ್ಜೆಯೆಂದು ಹೇಳಬಹುದೆ? ಈ ವಾದವನ್ನು ಕೆಲವರು ಮಾಡುವುದುಂಟು. ನಮಗೆ ಅದು ಒಪ್ಪಿಗೆಯಾಗದು. ಈ ಬಡಾವಣೆಗಳಲ್ಲಿ ನಿವೇಶನಗಳನ್ನು ಹಂಚುವಾಗ ಬೇರೆ ಬೇರೆ ಜಾತಿ ಮತಗಳವರಿಗೆ ಬೇರೆ ಬೇರೆ ಭಾಗಗಳನ್ನು ಗೊತ್ತುಮಾಡಿದ್ದರೆಂಬುದು ಪ್ರಸಿದ್ಧ ಸಂಗತಿ. ಪೇಟೆಯ ಕೇರಿಗಳ ವಿಭಾಗವನ್ನು ಅಳತೆಪಟ್ಟಿ ಅಳಿಸಲಿಲ್ಲ. ಅದನ್ನು ಹೊಸ ನಕ್ಷೆಗೆ ತಿದ್ದಿ ಬರೆಯಿತು. ಕುಂಬಾರಪೇಟೆ ಎಂಬ ಹೆಸರು ಬಾಯಿಬಿಟ್ಟು ಹೇಳುತ್ತಿದ್ದುದನ್ನು ಅಡ್ಡರಸ್ತೆಯ ಅಂಕಿ ಬಾಯಿಮುಚ್ಚಿಕೊಂಡು ಪಾಲಿಸಿತು. ಹೊರಗಿನವನಿಗೆ ಅಂಕಿ ನಿಷ್ಪಕ್ಷಪಾತವಾಗಿ ಕಂಡಿತು; ಒಳಗಿನವರಿಗೆ ಯಾವ ಅಂಕಿಯ ರಸ್ತೆಯಲ್ಲಿ ಯಾರಿದ್ದಾರೆಂಬುದು ಚೆನ್ನಾಗಿ ತಿಳಿದಿದ್ದಿತು. ಆದರೆ ಒಂದು ಮಾತನ್ನು ಸೇರಿಸಬೇಕು. ಹೆಸರಿನಲ್ಲಿ ಕುಲವನ್ನು ಕೆತ್ತಿದ ಬೀದಿಗೆ ಕುಲ ಬದಲಾದರೂ ಹೆಸರು ಬದಲಾಗದು. ಸಂಖ್ಯೆಯ ರಸ್ತೆಯಲ್ಲಿ ಮನೆಗಳು ಕೈಬದಲಾಗಿ, ಎರಡು ಮೂರು ತಲೆಮಾರು ಕಳೆದ ಮೇಲೆ ಹಿಂದಿನ ಹಂಚಿಕೆಯ ಕುರುಹು ಫಲಕದ ಮೇಲೆ ಏನೂ ಇರುವುದಿಲ್ಲ. ಮರೆಯುವುದಕ್ಕೆ ಸಂಖ್ಯೆ ಅವಕಾಶ ಕೊಡುತ್ತದೆ. ಚರಿತ್ರಕಾರರಿಗೆ ಇದು ನಷ್ಟ, ನಿವಾಸಿಗಳಿಗೆ ಬಹುಶಃ ಲಾಭ.

ಜನ ಈ ಅಂಕಿಗಳನ್ನು ಹೇಗೆ ತಮ್ಮದಾಗಿ ಮಾಡಿಕೊಂಡರೆಂಬುದು ಇನ್ನೊಂದು ವಿಚಾರ. ಫಲಕದ ಮೇಲೆ ‘ಅಡ್ಡರಸ್ತೆ’ ಎಂದಿದ್ದರೂ ಬಾಯಲ್ಲಿ ನಿಂತದ್ದು ‘ಕ್ರಾಸು’. ಬೀದಿ ಎಂಬುದು ವೀಥಿಯ ತದ್ಭವ, ಕೇರಿ, ಓಣಿ, ಸಂದಿ ನಮ್ಮ ಆಡುಮಾತಿನವು, ರಸ್ತೆ ಪಾರಸಿ ಮೂಲದ್ದು, ಕ್ರಾಸು ಇಂಗ್ಲಿಷಿನದು. ಬೆಂಗಳೂರನ್ನು ಆಳಿದವರ ಸಾಲನ್ನೇ ಈ ಪದಗಳ ಸಾಲಿನಲ್ಲಿ ಕಾಣಬಹುದು. ಮಲ್ಲೇಶ್ವರದವರಿಗೆ ‘ಎಂಟನೇ ಕ್ರಾಸು’ ಎಂದರೆ ಏಳರ ಮುಂದಿನದು, ಒಂಬತ್ತರ ಹಿಂದಿನದು ಎಂಬ ಅರ್ಥ ತೋರುವುದಿಲ್ಲ. ಹಬ್ಬದ ಮುನ್ನಾದಿನದ ಹೂವು, ಬಾಳೆಕಂದು, ಅಂಗಡಿಗಳ ಗದ್ದಲ ಮನಸ್ಸಿಗೆ ಬರುತ್ತವೆ. ‘ಹದಿನೆಂಟನೇ ಕ್ರಾಸು’ ಎಂದರೆ ಬಸ್ಸಿನ ನಿಲ್ದಾಣ, ಆಟದ ಬಯಲು. ಹೀಗೆ ಅಂಕಿ ಅಂಕಿತನಾಮವಾಯಿತು. ಎಂಟನೆಯ ಅಡ್ಡರಸ್ತೆ ಚಾಮರಾಜಪೇಟೆಯಲ್ಲಿಯೂ ಇರಬಹುದು, ಮಲ್ಲೇಶ್ವರದಲ್ಲಿಯೂ ಇರಬಹುದು. ಸಂಖ್ಯೆಗಳು ಪ್ರತಿ ಬಡಾವಣೆಯಲ್ಲೂ ಒಂದರಿಂದಲೇ ಮೊದಲಾಗುತ್ತವೆ. ಆದ್ದರಿಂದ ಬಡಾವಣೆಯ ಹೆಸರನ್ನು ಸೇರಿಸದೆ ಯಾವ ವಿಳಾಸವೂ ಪೂರ್ಣವಾಗುವುದಿಲ್ಲ. ಪೇಟೆಯ ನಗರ್ತಪೇಟೆಯವನು ‘ನಗರ್ತಪೇಟೆ’ ಎಂದಷ್ಟೇ ಹೇಳಿದರೆ ಸಾಕಾಗಿತ್ತು. ಬಡಾವಣೆಯವನು ದಿನಕ್ಕೆ ಹತ್ತು ಸಲ ‘ಮಲ್ಲೇಶ್ವರ’ ಎಂದೋ ‘ಚಾಮರಾಜಪೇಟೆ’ ಎಂದೋ ಹೇಳಲೇಬೇಕು. ತಾವು ಬೆಂಗಳೂರಿನವರೆಂಬುದಕ್ಕೆ ಮುಂಚೆ ತಾವು ಇಂಥ ಬಡಾವಣೆಯವರೆಂದು ಹೇಳಿಕೊಳ್ಳುವ ಹಳೆಯ ನಿವಾಸಿಗಳ ಅಭಿಮಾನಕ್ಕೆ ಈ ಅನಿವಾರ್ಯತೆಯೂ ಒಂದು ಕಾರಣವಾಗಿರಬೇಕೆಂದು ನಾವು ಊಹಿಸುತ್ತೇವೆ.

ಮುಂದಿನ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಏರ್ಪಟ್ಟಿತು. 1949ರಲ್ಲಿ ಪೇಟೆಯ ಕಡೆಯ ಪುರಸಭೆಯೂ ದಂಡಿನ ಪುರಸಭೆಯೂ ಕೂಡಿ ಕಾರ್ಪೊರೇಷನ್ ಆಯಿತು. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದಲ್ಲಿ ಬಡಾವಣೆಯೊಳಗಿನ ಭಾಗಗಳಿಗೂ ಸಂಖ್ಯೆ ಬಂದಿತು. ಒಂದನೆಯ ಬ್ಲಾಕು ಲಾಲ್‌ಬಾಗಿನ ಕಡೆಗೆ, ಅಶೋಕಸ್ತಂಭದ ಬಳಿ. ಅಂದರೆ ಎಣಿಕೆ ಇಲ್ಲಿಯೂ ಊರಿನಿಂದಲೇ ಮೊದಲಾಯಿತು. ರಾಜಾಜಿನಗರದಲ್ಲಿ ಅಂಕಿಯ ಜೊತೆಗೆ ಅಕ್ಷರವೂ ಸೇರಿ ‘ಒಂದನೆಯ ಎನ್ ಬ್ಲಾಕು’, ‘ಒಂದನೆಯ ಆರ್ ಬ್ಲಾಕು’ ಎಂದಾಯಿತು. ಎಣಿಕೆ ಮುಗಿದ ಮೇಲೆ ಎರಡು ರಸ್ತೆಗಳ ನಡುವೆ ಮೂರನೆಯದು ಹುಟ್ಟಿದರೆ ಅದಕ್ಕೆ ‘7ನೆಯ ಎ’ ಎಂಬ ಪದವಿ ಸಿಕ್ಕಿತು. ಇಂಥ ‘ಎ’ಗಳನ್ನು ಕಂಡಲ್ಲೆಲ್ಲ, ಮೊದಲ ನಕ್ಷೆಯಲ್ಲಿ ಇಲ್ಲದುದು ಆಮೇಲೆ ನುಸುಳಿದೆಯೆಂದು ತಿಳಿಯಬಹುದು. ಇಂದಿರಾನಗರದ ನೂರಡಿ ರಸ್ತೆಯ ಕಾಲಕ್ಕೆ ಸಂಖ್ಯೆಯ ಅರ್ಥವೇ ಬದಲಾಗಿ, ಅದು ಕ್ರಮವನ್ನು ಬಿಟ್ಟು ಅಗಲವನ್ನು ಹೇಳತೊಡಗಿತು. ಕಾಲ್ನಡೆಯವನಿಗೆ ಎಷ್ಟನೆಯ ರಸ್ತೆ ಎಂಬುದು ಮುಖ್ಯ. ಮೋಟಾರಿನವನಿಗೆ ಎಷ್ಟು ಅಗಲವೆಂಬುದು ಮುಖ್ಯ.

ಇಡೀ ನಗರವನ್ನು ಒಂದೇ ಎಣಿಕೆಗೆ ತರುವ ಪ್ರಯತ್ನ ಮಾತ್ರ ಬೆಂಗಳೂರಿನಲ್ಲಿ ನಡೆಯಲಿಲ್ಲ. ಫಿಲಿಪ್ಪೀನ್ಸಿನ ಮನಿಲಾ ನಗರಕ್ಕೆ 1945ರಲ್ಲಿ ಹಾಕಿದ ಯೋಜನೆಯಲ್ಲಿ ನಗರದ ನಡುವಿನಿಂದ ಹೊರಡುವ ಹತ್ತು ಅರರೇಖೆಯ ರಸ್ತೆಗಳಿಗೂ ಅವನ್ನು ಸುತ್ತುವ ವರ್ತುಲಗಳಿಗೂ ಕ್ರಮಸಂಖ್ಯೆ ಕೊಟ್ಟರು. ಅತ್ಯಂತ ಒಳಗಿನದು ಒಂದನೆಯ ವರ್ತುಲ. ಅಲ್ಲಿನ ನಾಲ್ಕನೆಯ ವರ್ತುಲವನ್ನು ಇಂದು ಜನ ಸಂಖ್ಯೆಯಿಂದ ಕರೆಯದೆ ‘ಎಡ್ಸಾ’ ಎಂದೇ ಕರೆಯುತ್ತಾರೆ. ನಮ್ಮಲ್ಲಿ ವರ್ತುಲಗಳಿಗೆ ಸಂಖ್ಯೆಯಿಲ್ಲ, ಒಳ ಹೊರ ಎಂಬ ವಿಶೇಷಣಗಳಷ್ಟೇ ಇವೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 1990ರ ದಶಕದಿಂದ ಹಂತಹಂತವಾಗಿ ಕಟ್ಟಿಸಿದ ಹೊರವರ್ತುಲ ರಸ್ತೆ ಬಹುಬೇಗ ಊರಿನ ಒಳಗಾಯಿತು. ಬಸವನಗುಡಿಯ ತೆಂಕಣ ಅಂಚಿನಲ್ಲಿರುವ ಸೌತ್ ಎಂಡ್ ಸರ್ಕಲ್ಲಿನದೂ ಇದೇ ಗತಿ. ಒಂದು ಕಾಲಕ್ಕೆ ಊರು ನಿಜವಾಗಿ ಕೊನೆಗೊಳ್ಳುತ್ತಿದ್ದ ಆ ಜಾಗದ ಹೆಸರನ್ನು 2017ರಲ್ಲಿ ತೆರೆದ ಮೆಟ್ರೋ ನಿಲ್ದಾಣ ಹೊತ್ತಿದೆ. ರೈಲು ಮಾತ್ರ ಅಲ್ಲಿಂದ ತೆಂಕಣಕ್ಕೆ ಬಹುದೂರ ಹೋಗುತ್ತದೆ. ‘ಹೊರ’, ‘ಕೊನೆ’ ಎಂಬ ಪದಗಳು ನಗರ ಬೆಳೆದಂತೆ ಸುಳ್ಳಾಗುತ್ತವೆ. ‘ಹದಿನೆಂಟು’ ಎಂಬುದಕ್ಕೆ ಆ ಭಯವಿಲ್ಲ. ಹೆದ್ದಾರಿಗಳ ಸಂಖ್ಯೆಗಳಿಗೆ ಬೇರೆ ಬಗೆಯ ಭಯವುಂಟು: 2010ರಲ್ಲಿ ಕೇಂದ್ರ ಸರ್ಕಾರ ಅವನ್ನೆಲ್ಲ ಮರುಎಣಿಕೆ ಮಾಡಿದಾಗ ಹೊಸೂರು ರಸ್ತೆಯ 7 ಎಂಬುದು 44 ಆಯಿತು, ತುಮಕೂರು ರಸ್ತೆಯ 4 ಎಂಬುದು 48 ಆಯಿತು. ಬೆಂಗಳೂರಿನವರು ಹೊಸೂರು ರಸ್ತೆಯನ್ನು ಹೊಸೂರು ರಸ್ತೆಯೆಂದೇ ಕರೆದರು.

ಇಲ್ಲಿ ರಸ್ತೆಗಳ ಮರುನಾಮಕರಣದ ಮಾತು ಬರುತ್ತದೆ. ರಾಜಕುಮಾರ ಆಲ್ಬರ್ಟ್ ವಿಕ್ಟರ್ 1889ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಗಾಜಿನ ಮನೆಗೆ ಅಸ್ತಿಭಾರ ಹಾಕಿದನು; ಚಾಮರಾಜಪೇಟೆಯ ಅಂಚಿನ ರಸ್ತೆಗೆ ಅವನ ಹೆಸರು ಬಂದಿತು. ಕರ್ನಾಟಕ ಏಕೀಕರಣದ ಹಿರಿಯರಾದ ಆಲೂರು ವೆಂಕಟರಾಯರ ಹೆಸರನ್ನು ಆಮೇಲೆ ಆ ರಸ್ತೆಗೆ ಇಟ್ಟರು. ಮೊದಲಕ್ಷರಗಳು ಎರಡರಲ್ಲಿಯೂ ‘ಎ.ವಿ.’ ಆದುದರಿಂದ ಹಳೆಯ ರೂಢಿಗೂ ಭಂಗ ಬರಲಿಲ್ಲ, ಹೊಸ ಗೌರವಕ್ಕೂ ಕೊರತೆಯಾಗಲಿಲ್ಲ. ಎಲ್ಲ ರಸ್ತೆಗಳಿಗೂ ಇಂಥ ಅದೃಷ್ಟವಿರುವುದಿಲ್ಲ. ಹೆಸರಿನ ಜಾಗದಲ್ಲಿ ಹೆಸರು ಬಂದರೆ ಹಳೆಯದನ್ನು ಪತ್ತೆಹಚ್ಚಬಹುದು. ಸಂಖ್ಯೆಯ ಜಾಗದಲ್ಲಿ ಹೆಸರು ಬಂದರೆ ಸರಣಿಯ ಒಂದು ಕೊಂಡಿಯೇ ಕಳಚಿ, ಆರನೆಯದಕ್ಕೂ ಎಂಟನೆಯದಕ್ಕೂ ನಡುವಣ ಸಂಬಂಧ ತಪ್ಪುತ್ತದೆ. ಹಳೆಯ ಕ್ರಯಪತ್ರ, ಕಾಗದ, ಲಗ್ನಪತ್ರಿಕೆಗಳಲ್ಲಿರುವ ವಿಳಾಸಗಳನ್ನು ಓದಬೇಕಾದವರಿಗೆ ಇದರ ತೊಂದರೆ ಗೊತ್ತು. ಕವಿಗಳಿಗೂ ದೇಶಭಕ್ತರಿಗೂ ರಸ್ತೆಗಳನ್ನು ಅರ್ಪಿಸುವುದು ಯುಕ್ತವೇ. ಫಲಕದ ಕೆಳಗೆ ಹಳೆಯ ಸಂಖ್ಯೆಯನ್ನೂ ಸಣ್ಣ ಅಕ್ಷರದಲ್ಲಿ ಉಳಿಸಬೇಕೆಂದಷ್ಟೇ ನಮ್ಮ ಸೂಚನೆ.

ಎಣಿಕೆಯಿಂದ ಹೊರಗುಳಿದುದೇನೆಂಬ ಪ್ರಶ್ನೆ ಉಳಿದಿದೆ. ಈ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲುಗಳು ಕೂಡುವಲ್ಲಿ ಕಿರಿದಾದ ಓಣಿಗಳನ್ನು ಬಿಟ್ಟಿದ್ದರು. ಕನ್ಸರ್ವೆನ್ಸಿ ಗಲ್ಲಿಗಳೆಂದು ಅವುಗಳ ಹೆಸರು. ಮನೆಗಳ ಮಲವನ್ನು ಹೊತ್ತೊಯ್ಯುವ ಕೆಲಸಗಾರರು ಮುಂದಣ ಅಗಲವಾದ ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲೆಂಬುದು ಅವುಗಳ ಉದ್ದೇಶ. ಗಾಳಿ ಬೆಳಕುಗಳನ್ನು ಅಳೆದ ನಕ್ಷೆಯೇ ಈ ಮರೆಯನ್ನೂ ಅಳೆದಿಟ್ಟಿತು. ಮುಖ್ಯರಸ್ತೆಗೆ ಸಂಖ್ಯೆಯುಂಟು, ಅಡ್ಡರಸ್ತೆಗೆ ಸಂಖ್ಯೆಯುಂಟು, ಆಮೇಲೆ ಹುಟ್ಟಿದ ರಸ್ತೆಗೆ ‘ಎ’ ಎಂಬ ಅಕ್ಷರವಾದರೂ ಉಂಟು; ದಿನವೂ ಬೆಳಗಿನ ಜಾವದಲ್ಲಿ ಜನ ದುಡಿದ ಈ ದಾರಿಗಳಿಗೆ ವಿಳಾಸಗಳಲ್ಲಿ ಸ್ಥಾನವಿಲ್ಲ. ಪೇಟೆಯಲ್ಲಿ ಪ್ರತಿ ಕಸುಬಿನವರಿಗೂ ತಮ್ಮ ಹೆಸರಿನ ಬೀದಿಯೊಂದಿತ್ತೆಂದು ಆರಂಭದಲ್ಲಿ ಹೇಳಿದೆವು. ಹೊಸ ಬಡಾವಣೆಗಳ ಸ್ವಾಸ್ಥ್ಯವೆಲ್ಲ ಯಾರ ಕಸುಬನ್ನು ಅವಲಂಬಿಸಿತ್ತೋ ಅವರ ಬೀದಿಗೆ ಅಂಕಿಯೂ ಬೀಳಲಿಲ್ಲ. 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲಾಯಿತು. ಕೇಂದ್ರದ ಕಾಯಿದೆಗಳು 1993ರಲ್ಲಿಯೂ 2013ರಲ್ಲಿಯೂ ಬಂದುವು. ಒಳಚರಂಡಿ ಹರಡಿದಂತೆ ಗಲ್ಲಿಗಳ ಉಪಯೋಗ ತಪ್ಪಿತು. ಕೆಲವನ್ನು ಅಕ್ಕಪಕ್ಕದ ಮನೆಗಳವರು ಒತ್ತಿಕೊಂಡರು, ಕೆಲವು ಕಸದ ತಿಪ್ಪೆಗಳಾದುವು, ಈಚೆಗೆ ಮಲ್ಲೇಶ್ವರದಲ್ಲಿ ಕೆಲವನ್ನು ಶುಚಿಗೊಳಿಸಿ ನಡೆದಾಡಲು ತೆರೆದಿದ್ದಾರೆ. ಅವುಗಳಲ್ಲಿ ಹಾದುಹೋಗುವವರು ಎರಡು ಬದಿಯ ಹಿತ್ತಿಲ ಗೋಡೆಗಳನ್ನು ಗಮನಿಸಬೇಕು. ಮೊಣಕಾಲೆತ್ತರದಲ್ಲಿ, ಗೋಡೆಯ ಉಳಿದ ಭಾಗಕ್ಕಿಂತ ಹೊಸದಾದ ಇಟ್ಟಿಗೆಯಿಂದ ಮುಚ್ಚಿದ ಸಣ್ಣ ಚೌಕಗಳು ಅಲ್ಲಲ್ಲಿ ಕಾಣಸಿಕ್ಕಿದರೆ, ಅವು ಯಾವ ಬಾಗಿಲುಗಳಾಗಿದ್ದುವೆಂಬುದನ್ನು ವಿವರಿಸಬೇಕಾಗಿಲ್ಲ.